ಬಸ್ ಡ್ರೈವರನ ಹೆಂಡತಿ ದೇಶ ನೋಡಿದ್ದು

ನಮ್ಮ ಕಟ್ಟಡದ ಮೂರನೆಯ ಮಹಡಿಯ ಸ್ಲಾವ್ಕಾ ಮೊದಲ ಸಲ ಸಮುದ್ರ ನೋಡಿದ್ದು ಅರವತ್ತೆಂಟು ದಾಟಿದ ಮೇಲೆ. ದೊಡ್ಡ ದೇಶದಲ್ಲಾದರೆ ಇದನ್ನು ಯಾರೂ ವಿಶೇಷ ಅನ್ನುವುದಿಲ್ಲ. ನಮ್ಮ ಸ್ಲೊವೇನಿಯಾದಲ್ಲಿ ಬೆಳಗಿನ ಕಾಫಿ ಕುಡಿದು ಹೊರಟವನು ಮಧ್ಯಾಹ್ನದ ಊಟಕ್ಕೆ ಮೊದಲೇ ಸಮುದ್ರದಲ್ಲಿ ಕಾಲು ಅದ್ದಿರುತ್ತಾನೆ. ಅದರಲ್ಲೂ ಅವಳ ಗಂಡ ಲುದ್ವಿಕ್ ಪ್ರವಾಸಿ ಬಸ್ಸಿನ ಡ್ರೈವರ್. ಶಾಲೆ ಮಕ್ಕಳು, ಪಿಂಚಣಿದಾರರು, ಆಮೇಲಾಮೇಲೆ ಕ್ಯಾಮೆರಾ ನೇತುಹಾಕಿಕೊಂಡ ಪರದೇಶದವರು, ಹೀಗೆ ಸಿಕ್ಕವರನ್ನೆಲ್ಲ ತುಂಬಿಕೊಂಡು ಬೆಟ್ಟದಿಂದ ಕಡಲಿಗೆ, ಕಡಲಿಂದ ಹಂಗೆರಿಯ ಗಡಿಗೆ ಓಡಿಸಿದವನು. ಅವನ ಬಸ್ಸಿನಲ್ಲಿ ಕೂರದೆ ಉಳಿದವಳು ಅವಳೊಬ್ಬಳೇ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅವಳೂ ನಗುತ್ತಿದ್ದಳು.

ಕಾರಣಗಳೇನೂ ಇರಲಿಲ್ಲ ಅಂತಲ್ಲ. ಸ್ಲಾವ್ಕಾ ಬೆಟ್ಟದ ಮೇಲಿನ ಬಡ ಮನೆಯವಳು. ಶಾಲೆಯವರು ಕಡಲಿಗೆ ಕರೆದುಕೊಂಡು ಹೋದ ವಾರ ಮನೆಯಲ್ಲಿ ಹುಲ್ಲು ಕೊಯ್ಲು. ಮದುವೆಯಾಗಿ ನಮ್ಮ ಊರು ಯೆಸೆನಿತ್ಸೆಗೆ ಬಂದು ಉಕ್ಕಿನ ಕಾರ್ಖಾನೆಯ ಅಡುಗೆಮನೆ ಸೇರಿದಳು. ಕಾರ್ಖಾನೆಯವರು ಸರದಿಯ ಮೇಲೆ ಕೆಲಸಗಾರರನ್ನು ಕಡಲ ತೀರದ ವಿಶ್ರಾಂತಿ ಮನೆಗೆ ಕಳಿಸುತ್ತಿದ್ದರು. ಇವಳ ಸರದಿ ಬರುವ ಹೊತ್ತಿಗೆ ಲುದ್ವಿಕನ ತಾಯಿ ಹಾಸಿಗೆ ಹಿಡಿದಿದ್ದರು. ಮಗಳು ಯೆರ್ನೆಯಾಳನ್ನು ನನ್ನ ಮಕ್ಕಳ ಜೊತೆ ಕಳಿಸಿದಳು, ತಾನು ಉಳಿದಳು. ಒಳಗಿನ ಚಿಕ್ಕ ಕೋಣೆಯಲ್ಲಿ ಆ ಮುದುಕಿ ವರ್ಷಗಟ್ಟಲೆ ಮಲಗಿದ್ದರು. ಮಗ್ಗುಲು ಬದಲಿಸುವುದು, ತೊಳೆಯುವುದು, ತಿನಿಸುವುದು ಎಲ್ಲ ಸ್ಲಾವ್ಕಾಳದೇ. ಕಾರ್ಖಾನೆಯಲ್ಲಿ ಮುನ್ನೂರು ಜನಕ್ಕೆ ಸೂಪು ಬಡಿಸಿ ಬಂದು, ಮನೆಯಲ್ಲಿ ಒಬ್ಬರಿಗೆ ಚಮಚದಲ್ಲಿ ಕುಡಿಸುತ್ತಿದ್ದಳು. ಲುದ್ವಿಕ್ ಬೇಸಿಗೆಯಿಡೀ ದಾರಿಯ ಮೇಲೆ.

"ಎಲ್ಲಿಗೆ ಹೋಗುತ್ತೆ ಈ ದೇಶ? ಅಂಗೈಯಷ್ಟಗಲ ಇದೆ. ಪಿಂಚಣಿ ಬರಲಿ, ಆರಾಮಾಗಿ ಸುತ್ತೋಣ," ಎನ್ನುತ್ತಿದ್ದ.

ಒಂದು ವಿಷಯದಲ್ಲಿ ಮಾತ್ರ ನಾವೆಲ್ಲ ಅವಳನ್ನು ಕಂಡು ಹೊಟ್ಟೆಕಿಚ್ಚು ಪಡುತ್ತಿದ್ದೆವು. ಲುದ್ವಿಕ್ ಬರಿಗೈಯಲ್ಲಿ ಮನೆಗೆ ಬರುತ್ತಿರಲಿಲ್ಲ. ಬೆಟ್ಟದ ಊರು ಬೊವೆತ್ಸ್ ಕಡೆ ಹೋದರೆ ಕುರಿಹಾಲಿನ ಚೀಸು. ಪೂರ್ವದ ಬಯಲಿಗೆ ಹೋದರೆ ಕುಂಬಳಬೀಜದ ಎಣ್ಣೆ. ಶರತ್ಕಾಲದಲ್ಲಿ ಕಡಲ ತೀರದ ಪಿರಾನ್ ಊರಿಂದ ಒಣ ಅಂಜೂರ, ನಡುನಡುವೆ ಘಮಘಮ ಎಲೆ ಸೇರಿಸಿ ದಾರಕ್ಕೆ ಪೋಣಿಸಿದ್ದು. ಮನೆಯಲ್ಲಿ ಅವನದು ನಾಲ್ಕು ಮಾತು ಆಡದ ಸ್ವಭಾವ. ಮೇಜಿನ ಮೇಲೆ ಪೊಟ್ಟಣ ಇಟ್ಟು, ಬೂಟು ಕಳಚಿ, ಟಿವಿ ಮುಂದೆ ಕೂತುಬಿಡುತ್ತಿದ್ದ. ಸ್ಲಾವ್ಕಾ ಆ ಅಂಜೂರದಲ್ಲಿ ಎರಡೆರಡು ಬಿಡಿಸಿ ನಮ್ಮೆಲ್ಲರ ಮನೆಗೂ ಹಂಚುತ್ತಿದ್ದಳು. "ಮಾತಿಲ್ಲ ಕತೆಯಿಲ್ಲ, ಆದ್ರೆ ಮರೆಯಲ್ಲ ನೋಡು," ಎನ್ನುತ್ತಿದ್ದಳು. ನನ್ನ ಗಂಡನಿಗೆ ನಾನು ಅವನ ಉದಾಹರಣೆ ಕೊಟ್ಟು ಎಷ್ಟು ಸಲ ಚುಚ್ಚಿದ್ದೇನೋ.

ಅತ್ತೆ ತೀರಿಕೊಂಡರು. ಮಗಳು ಬೆಟ್ಟದ ಸುರಂಗ ದಾಟಿದರೆ ಸಿಗುವ ಆಸ್ಟ್ರಿಯಾದಲ್ಲಿ ಕೆಲಸ ಹಿಡಿದು ಅಲ್ಲೇ ಮದುವೆಯಾದಳು. ಸ್ಲಾವ್ಕಾಳಿಗೂ ಪಿಂಚಣಿ ಬಂತು, ಲುದ್ವಿಕನಿಗೂ ಬಂತು. ದೇಶ ಸುತ್ತುವ ಮಾತು ಬರಲಿಲ್ಲ. ಬಸ್ಸು ಅಂದರೆ ಈಗ ಅವನಿಗೆ ಆಗುತ್ತಿರಲಿಲ್ಲ. ಪೆಟ್ರೋಲಿನ ಬೆಲೆ ಹೇಳುತ್ತಿದ್ದ, ಹೋಟೆಲಿನ ಬೆಲೆ ಹೇಳುತ್ತಿದ್ದ. ಆ ದುಡ್ಡು ನಮ್ಮಂಥವರದಲ್ಲ ಅನ್ನುತ್ತಿದ್ದ. ಅದೂ ಸುಳ್ಳಲ್ಲ. ಪಿರಾನಿನಲ್ಲಿ ಬೇಸಿಗೆಯ ಒಂದು ರಾತ್ರಿಯ ಕೋಣೆಗೆ ಕೊಡುವುದರಲ್ಲಿ ನಮ್ಮ ಮನೆಗಳಲ್ಲಿ ಎರಡು ವಾರ ಅಡುಗೆ ಆಗುತ್ತದೆ.

ಅಷ್ಟರಲ್ಲಿ ಸರ್ಕಾರ ಪಿಂಚಣಿದಾರರಿಗೆ ಬಸ್ಸು ರೈಲು ಎರಡನ್ನೂ ಉಚಿತ ಮಾಡಿತು. ಒಂದು ಕಾರ್ಡು ತೋರಿಸಿದರೆ ದೇಶದ ಯಾವ ಮೂಲೆಗಾದರೂ ಹೋಗಬಹುದು. ಸ್ಲಾವ್ಕಾ ಕಾರ್ಡು ಮಾಡಿಸಿಕೊಂಡು ಬಂದ ದಿನ ನನ್ನ ಅಡುಗೆಮನೆಯಲ್ಲಿ ಕೂತು ಅದನ್ನು ತಿರುವಿ ತಿರುವಿ ನೋಡಿದಳು. "ಇನ್ನು ಪೆಟ್ರೋಲಿನ ನೆಪ ಹೋಯ್ತು," ಅಂದಳು.

ಆ ಚಳಿಗಾಲವಿಡೀ ಅವಳು ಪ್ರವಾಸ ಹೊಂದಿಸಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮುನ್ನೂರು ಜನಕ್ಕೆ ಅಡುಗೆ ಮಾಡಿದ ಕೈ, ಏನೂ ಪೋಲಾಗಬಾರದು. ರೈಲು ನಿಲ್ದಾಣಕ್ಕೆ ಹೋಗಿ ಟಿಕೆಟ್ ಕಿಟಕಿಯ ಹುಡುಗಿಯ ಹತ್ತಿರ ರೈಲು ಬಸ್ಸುಗಳ ಸಮಯ ಕೇಳಿಕೊಂಡು ಬರುತ್ತಿದ್ದಳು. ರಜೆಯಲ್ಲಿ ಖಾಲಿ ಬೀಳುವ ವಿದ್ಯಾರ್ಥಿ ನಿಲಯಗಳಲ್ಲಿ ಯಾರಿಗೆ ಬೇಕಾದರೂ ಅಗ್ಗಕ್ಕೆ ಹಾಸಿಗೆ ಕೊಡುತ್ತಾರೆಂದು ಎಲ್ಲೋ ಕೇಳಿ, ಕಡಲ ಹತ್ತಿರದ ಅಂಥ ಒಂದು ನಿಲಯಕ್ಕೆ ಫೋನು ಮಾಡಿದಳು. ಬೊವೆತ್ಸಿನಲ್ಲಿ ಒಬ್ಬ ವಿಧವೆಯ ಮನೆಯ ಮಹಡಿ ಕೋಣೆ. ಪೂರ್ವದಲ್ಲಿ ಸನ್ಯಾಸಿನಿಯರ ಮಠ, ಅಲ್ಲಿ ಕೊಟ್ಟಷ್ಟು ತಗೊಳ್ಳುತ್ತಾರೆ. ರಾತ್ರಿ ಊಟವನ್ನು ಹೋಟೆಲಿನಲ್ಲಿ ಮಾಡಲೇಬಾರದು. ಕೆಲಸಗಾರರಿಗೆಂದು ಹನ್ನೊಂದು ಗಂಟೆಗೆ ಇಡುವ ಸೂಪು, ಮಾಂಸ, ಆಲೂಗಡ್ಡೆಯ ಊಟವನ್ನೇ ಹೊಟ್ಟೆ ತುಂಬ ತಿಂದು, ರಾತ್ರಿಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ. ನೀರಿಗೆ ಮನೆಯ ಬಾಟಲಿ, ಊರ ನಲ್ಲಿ. ಭಾನುವಾರ ಬೆಟ್ಟದ ಕಡೆ ಬಸ್ಸು ಕಡಿಮೆ, ಆದ್ದರಿಂದ ಭಾನುವಾರ ಬಯಲಿನಲ್ಲಿರಬೇಕು. ಇದನ್ನೆಲ್ಲ ಹೇಳುವಾಗ ಅವಳ ಮುಖದಲ್ಲಿ ನಾನು ಹಿಂದೆ ಕಾಣದ ಕಳೆ ಇತ್ತು. ಹುಡುಗಿಯಾಗಿದ್ದಾಗ ಹೀಗಿದ್ದಿರಬೇಕು ಅನ್ನಿಸುತ್ತಿತ್ತು.

ಲುದ್ವಿಕ್ ಮಾತ್ರ ಪ್ರತಿ ಊರಿಗೂ ಒಂದೊಂದು ಕೊಂಕು ತೆಗೆಯುತ್ತಿದ್ದ. ಬೊವೆತ್ಸಿನಲ್ಲಿ ಬರೀ ಮಳೆ. ಪಿರಾನಿನಲ್ಲಿ ಬರೀ ಜನ. ಪೂರ್ವದಲ್ಲಿ ಜೋಳದ ಹೊಲ ಬಿಟ್ಟರೆ ಏನಿದೆ? ಬೇಕಾದರೆ ಬೇರೆ ಕಡೆ ಹೋಗೋಣ, ಗುಹೆ ನೋಡೋಣ. ಅವಳು ಪಟ್ಟು ಬಿಡಲಿಲ್ಲ. ಚೀಸು ಬಂದ ಊರು, ಎಣ್ಣೆ ಬಂದ ಊರು, ಅಂಜೂರ ಬಂದ ಊರು, ಅವನ್ನೇ ನೋಡಬೇಕು ಅಂದಳು. ಕೊನೆಗೆ ಅವನು ನೀನೇ ಹೋಗು ಅಂದುಬಿಟ್ಟ. ನಾನು ಅಲ್ಲೇ ಇದ್ದೆ. "ಹಾಗಾದ್ರೆ ಅವನ ಬದಲು ನಾನು ಬರ್ತೀನಿ, ನನ್ನ ಹತ್ರಾನೂ ಕಾರ್ಡಿದೆ," ಅಂದೆ. ಮಾರನೆಯ ಬೆಳಗ್ಗೆ ಲುದ್ವಿಕ್ ತಾನೇ ಬರುವುದಾಗಿ ಹೇಳಿದನಂತೆ. ನಾಚಿಕೆಯಾಯಿತೇನೋ ಎಂದುಕೊಂಡೆವು.

ಜೂನ್ ತಿಂಗಳಲ್ಲಿ ಹೊರಟರು. ಮುಂದಿನದನ್ನೆಲ್ಲ ಸ್ಲಾವ್ಕಾ ನನಗೆ ಹೇಳಿದ್ದು. ಒಂದೇ ಸಲ ಅಲ್ಲ, ಬೇಸಿಗೆ ಮುಗಿಯುವವರೆಗೆ ಸ್ವಲ್ಪ ಸ್ವಲ್ಪವಾಗಿ, ಒಗೆದ ಬಟ್ಟೆ ಹರವುತ್ತ, ಆಲೂಗಡ್ಡೆ ಸಿಪ್ಪೆ ತೆಗೆಯುತ್ತ.

ಬೆಟ್ಟದ ಸುರಂಗಗಳಲ್ಲಿ ಹಾದುಹೋಗುವ ರೈಲಿನಲ್ಲಿ ಕೂತು, ಆಮೇಲೆ ಬಸ್ಸು ಹಿಡಿದು ಬೊವೆತ್ಸ್ ಸೇರಿದರು. ಸೋಚಾ ನದಿಯ ನೀರು ಹಸಿರು ಎಂದು ಅವಳು ಕೇಳಿದ್ದಳು, ಅಷ್ಟು ಹಸಿರು ಅಂದುಕೊಂಡಿರಲಿಲ್ಲ. ಆದರೆ ಲುದ್ವಿಕ್ ಕೋಣೆ ಬಿಟ್ಟು ಹೊರಬರಲಿಲ್ಲ. ಮಂಡಿ ನೋವು ಅಂದ. ಅವಳು ಒಬ್ಬಳೇ ಹೊಳೆ ದಂಡೆಯಲ್ಲಿ ನಡೆದು, ಕಲ್ಲಿನ ಮೇಲೆ ಕೂತು ಮೊಟ್ಟೆ ಸುಲಿದು ತಿಂದಳು. ಬಸ್ ನಿಲ್ದಾಣಕ್ಕೆ ಹೋಗುವಾಗ ಅವನು ಟೋಪಿಯನ್ನು ಹುಬ್ಬಿನವರೆಗೆ ಇಳಿಸಿಕೊಂಡು ಮನೆಗಳ ಹಿಂದಿನ ದಾರಿಯಲ್ಲೇ ಕರೆದುಕೊಂಡು ಹೋದ. ಬಿಸಿಲು ಅಂದ. ಮೋಡ ಕವಿದಿತ್ತು.

ಪಿರಾನಿಗೆ ಬಂದರು. ಬಸ್ಸು ತಿರುವಿನಲ್ಲಿ ಹೊರಳಿದಾಗ ಸಮುದ್ರ ಕಾಣಿಸಿತು. ಸ್ಲಾವ್ಕಾ ಅದರ ಬಗ್ಗೆ ನನಗೆ ಹೆಚ್ಚು ಹೇಳಲಿಲ್ಲ. "ಕೊನೆ ಇರ್ಲಿಲ್ಲ ಅದಕ್ಕೆ," ಅಂದಳು, ಅಷ್ಟೇ. ಊರಿನ ದೊಡ್ಡ ಚೌಕದಲ್ಲಿ ನಿಂತು ಅವಳು ನೀರಿನ ಕಡೆಯೇ ನೋಡುತ್ತಿದ್ದಾಗ ಹಿಂದಿನಿಂದ ಒಬ್ಬ ಹೆಂಗಸು ಲುದ್ವಿಕನ ಹೆಸರು ಕೂಗಿದಳು. ಬಿಳಿ ಕೂದಲಿನ ದಪ್ಪ ಹೆಂಗಸು, ಸೊಂಟಕ್ಕೆ ಅಡುಗೆಯ ಬಟ್ಟೆ. ಓಡಿ ಬಂದು ಅವನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಅವಳ ಹೆಸರು ಲೊರೆದಾನಾ. ಚೌಕದ ಮೂಲೆಯ ಹೋಟೆಲು ಅವಳದು. ಲುದ್ವಿಕನ ಬಸ್ಸು ಪ್ರತಿ ಸಲ ಅಲ್ಲೇ ಊಟಕ್ಕೆ ನಿಲ್ಲುತ್ತಿತ್ತಂತೆ.

"ಸತ್ತೇ ಹೋದೆ ಅಂದ್ಕೊಂಡಿದ್ವಿ ಕಣೋ. ನೀನು ಬರೋದು ನಿಂತ ಮೇಲೆ ಈ ಹೋಟೆಲಲ್ಲಿ ನಗು ಅನ್ನೋದೇ ಇಲ್ಲ," ಅಂದಳು.

ಅವನ ತೋಳು ಹಿಡಿದು ಎಳೆದುಕೊಂಡು ಹೋಗಿ ಹೊರಗಿನ ಮೇಜಿಗೆ ಕೂರಿಸಿದಳು. ಇವನು ಹೇಳುತ್ತಿದ್ದ ಜೋಕುಗಳು, ಪರದೇಶದವರ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದದ್ದು, ಅಕಾರ್ಡಿಯನ್ ಕಸಿದುಕೊಂಡು ಹಾಡುತ್ತಿದ್ದದ್ದು ಎಲ್ಲ ಹೇಳಿದಳು. ಸ್ಲಾವ್ಕಾ ಬಾಯಿ ಬಿಟ್ಟುಕೊಂಡು ಕೇಳಿದಳು. ಅವನಿಗೆ ಹಾಡಲು ಬರುತ್ತದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಲೊರೆದಾನಾ ಇವಳ ಕಡೆ ತಿರುಗಿದಳು. ಲುದ್ವಿಕ್ ಪರಿಚಯ ಮಾಡಿಸಲಿಲ್ಲ. ಇವಳೇ ಕೈ ಚಾಚಿ, "ನಾನು ಸ್ಲಾವ್ಕಾ, ಇವನ ಹೆಂಡತಿ," ಅಂದಳು.

ಲೊರೆದಾನಾಳ ಕೈ ಇವಳ ಕೈಯಲ್ಲೇ ಸಡಿಲವಾಯಿತು.

"ಓ," ಅಂದಳು. ಆಮೇಲೆ ಲುದ್ವಿಕನನ್ನು ನೋಡಿ, "ಹಾಗಾದ್ರೆ ಆಕೆ ಹೋಗ್ಬಿಟ್ರಾ? ನಮಗೆ ಗೊತ್ತೇ ಆಗ್ಲಿಲ್ಲ."

"ಯಾರು?" ಅಂದಳು ಸ್ಲಾವ್ಕಾ.

"ಇವನ ಮೊದಲ್ನೇ ಹೆಂಡತಿ. ಹಾಸಿಗೆ ಹಿಡಿದಿದ್ರಲ್ಲ ಪಾಪ, ಅಷ್ಟು ವರ್ಷ."

ಸ್ಲಾವ್ಕಾ ಗಂಡನ ಮುಖ ನೋಡಿದಳು. ಅವನು ಮೇಜಿನ ಬಟ್ಟೆಯ ಅಂಚನ್ನು ಮಡಚುತ್ತಿದ್ದ, ಬಿಚ್ಚುತ್ತಿದ್ದ. ಅವನ ಕಿವಿ ಕೆಂಪಾಗಿತ್ತು. ಮದುವೆಯಾದಾಗಿನಿಂದ ನೋಡಿದ ಕಿವಿ ಅದು. ಸುಳ್ಳು ಹೇಳಿದಾಗ ಕೆಂಪಾಗುತ್ತದೆ. ಅವಳಿಗೆ ಆಗಲೇ ಎಲ್ಲ ಅರ್ಥವಾಗಿಬಿಟ್ಟಿತು.

"ಹೂಂ, ಹೋದಳು," ಅಂದಳು.

"ಕೊನೇಲಿ ತುಂಬಾ ನರಳಿದ್ರಾ?"

"ಇಲ್ಲ. ತನಗೆ ಕಾಯಿಲೆ ಇದೆ ಅಂತಾನೇ ಅವಳಿಗೆ ಗೊತ್ತಿರ್ಲಿಲ್ಲ."

ಲೊರೆದಾನಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ತಾನು ಕಳಿಸುತ್ತಿದ್ದ ಅಂಜೂರ ಆಕೆಗೆ ತಲುಪುತ್ತಿತ್ತೋ ಎಂದು ಕೇಳಿದಳು. ತಲುಪುತ್ತಿತ್ತು, ಒಂದೂ ಬಿಡದೆ ತಿನ್ನುತ್ತಿದ್ದಳು, ಅಕ್ಕಪಕ್ಕದವರಿಗೂ ಕೊಡುತ್ತಿದ್ದಳು ಅಂದಳು ಸ್ಲಾವ್ಕಾ. ಆ ಮಾತಿಗೆ ಲೊರೆದಾನಾಳ ಕಣ್ಣು ಒದ್ದೆಯಾಯಿತು. ತನ್ನ ತಾಯಿ ಇದ್ದಾಗ ಅಂಜೂರ ಪೋಣಿಸುವಾಗಲೇ ಒಂದು ದಾರ ಬೇರೆ ಇಡುತ್ತಿದ್ದರಂತೆ, ಇದು ಆ ಡ್ರೈವರನ ಕಾಯಿಲೆ ಹೆಂಡತಿಗೆ ಅಂತ. ಆಕೆಯ ಹೆಸರು ಏನೆಂದು ಮಾತ್ರ ಇವನು ಒಂದು ದಿನವೂ ಹೇಳಲಿಲ್ಲವಂತೆ. ಕೇಳಿದರೆ ಸಂಕಟವಾಗುತ್ತದೇನೋ ಅಂತ ಇವರೂ ಕೇಳಲಿಲ್ಲ.

"ಎಷ್ಟು ಸಲ ಹೇಳಿದ್ವಿ, ಒಂದ್ಸಲ ಕರ್ಕೊಂಡು ಬಾ ಅಂತ. ಡ್ರೈವರ್ ಕೋಣೆ ಇದ್ದೇ ಇದೆ, ಇವನಿಂದ ಯಾವತ್ತೂ ಒಂದು ಕಾಸು ತಗೊಂಡಿಲ್ಲ ನಾವು. ಮೆಟ್ಟಿಲು ಹತ್ತೋಕಾಗದಿದ್ರೆ ಕುರ್ಚೀಲಿ ಕೂರಿಸಿ ಎತ್ಕೊಂಡು ಹೋಗ್ತೀವಿ ಅಂದ್ರು ನಮ್ಮ ಯಜಮಾನ್ರು. ಸಮುದ್ರದ ಗಾಳಿಗೆ ಎಷ್ಟೋ ಜನ ಎದ್ದು ಓಡಾಡಿಲ್ವಾ?"

ಆ ಕೋಣೆ ನೋಡಬಹುದೇ ಎಂದು ಸ್ಲಾವ್ಕಾ ಕೇಳಿದಳು. ಲೊರೆದಾನಾಳಿಗೆ ವಿಚಿತ್ರ ಅನ್ನಿಸಿರಬೇಕು, ಆದರೂ ಕರೆದುಕೊಂಡು ಹೋದಳು. ಕಡಿದಾದ ಮರದ ಮೆಟ್ಟಿಲು, ಮೇಲೆ ಸುಣ್ಣ ಬಳಿದ ಚಿಕ್ಕ ಕೋಣೆ. ಕಿಟಕಿ ತೆರೆದರೆ ಇಡೀ ಸಮುದ್ರ. ಎರಡು ಮಂಚ. ಕಿಟಕಿ ಪಕ್ಕದ ಮಂಚದಲ್ಲಿ ಲುದ್ವಿಕ್ ಮಲಗುತ್ತಿದ್ದನಂತೆ. ಇನ್ನೊಂದರ ಮೇಲೆ ಚೀಲ, ಅಂಗಿ ಎಸೆಯುತ್ತಿದ್ದನಂತೆ. ಸ್ಲಾವ್ಕಾ ಆ ಇನ್ನೊಂದರ ಮೇಲೆ ಕೂತಳು. ಹಾಸಿಗೆ ಮೆತ್ತಗಿತ್ತು. ಚಳಿಗಾಲವಿಡೀ ತಾನು ಫೋನು ಮಾಡಿ ಮಾಡಿ, ಯಾವ ಊರಿನಲ್ಲಿ ಯಾರ ಮನೆಯ ಹಾಸಿಗೆ ಎರಡು ಕಾಸು ಕಡಿಮೆ ಎಂದು ವಿಚಾರಿಸಿದ್ದು ಅವಳಿಗೆ ನೆನಪಾಯಿತಂತೆ.

ಕೆಳಗೆ ಬಂದು ಲೊರೆದಾನಾ ಕೊಟ್ಟ ಮೀನಿನ ಊಟ ಮಾಡಿದರು. ದುಡ್ಡು ತಗೊಳ್ಳಲಿಲ್ಲ. ಸ್ಲಾವ್ಕಾ ಹಟ ಹಿಡಿದು ತನ್ನ ಪಾಲಿನದನ್ನು ತಟ್ಟೆಯ ಕೆಳಗೆ ಇಟ್ಟು ಬಂದಳು. ಪ್ರವಾಸದ ಲೆಕ್ಕ ತಪ್ಪಿದ್ದು ಅದೊಂದು ಕಡೆಯೇ.

ಆಮೇಲೆ ಕಡಲ ಕಟ್ಟೆಯ ಮೇಲೆ ಕೂತಾಗ ಲುದ್ವಿಕ್ ತಾನಾಗಿ ಬಾಯಿ ಬಿಟ್ಟ.

"ಮನೇಲಿ ಕಾಯಿಲೆಯವರಿದ್ದಾರೆ ಅಂದೆ. ಅಮ್ಮ ಇದ್ದಳಲ್ಲ, ಸುಳ್ಳೇನಲ್ಲ. ಅವರು ಹೆಂಡತಿ ಅಂದ್ಕೊಂಡ್ರು. ನಾನು ಅಲ್ಲ ಅನ್ನಲಿಲ್ಲ, ಅಷ್ಟೇ."

"ಅಮ್ಮ ಸತ್ತ ಮೇಲೆ?"

"ಅಷ್ಟು ಹೊತ್ತಿಗೆ ಎಲ್ಲಾ ಕಡೆ ಹಬ್ಬಿತ್ತು. ಬೊವೆತ್ಸಲ್ಲಿ ಕೇಳ್ತಿದ್ರು, ಎಣ್ಣೆ ಗಾಣದವರು ಕೇಳ್ತಿದ್ರು. ಚೆನ್ನಾಗಿದ್ದಾಳೆ ಅಂತ ಹೇಗೆ ಹೇಳೋದು?"

"ಚೀಸೂ ಅವರೇ ಕೊಟ್ಟಿದ್ದಾ?"

ಅವನು ತಲೆಯಾಡಿಸಿದ.

"ಎಣ್ಣೆ?"

ಅದಕ್ಕೂ ತಲೆಯಾಡಿಸಿದ. ಅವನೇ ದುಡ್ಡು ಕೊಟ್ಟು ಕೊಂಡು ತಂದದ್ದು ಒಂದಾದರೂ ಇದೆಯೇ ಎಂದು ಅವಳು ಕೇಳಿದಳು. ಅವನು ಬಹಳ ಹೊತ್ತು ಯೋಚಿಸಿದ. ಆ ಯೋಚನೆಯೇ ಅವಳಿಗೆ ಉತ್ತರಕ್ಕಿಂತ ಹೆಚ್ಚು ನೋವು ಕೊಟ್ಟಿತಂತೆ.

"ಎರಡು ಮಂಚ ಇತ್ತು ಲುದ್ವಿಕ್. ಪುಕ್ಕಟೆ."

"ಮನೆಗೆ ಬಂದ್ರೆ ಔಷಧಿ ವಾಸನೆ," ಅಂದ ಅವನು. "ಅಮ್ಮನ ಗೋಳು. ನಿನ್ನ ಸುಸ್ತಾದ ಮುಖ. ಅಲ್ಲಿಗೆ ಹೋದ್ರೆ ಎಲ್ಲರೂ ನಗ್ತಿದ್ರು, ನನ್ನನ್ನ ಒಳ್ಳೆಯವನು ಅಂತಿದ್ರು. ಅದೊಂದು ನನಗೇ ಇರಲಿ ಅನ್ನಿಸ್ತು. ನೀನು ಬಂದಿದ್ರೆ ಮನೇನೂ ಜೊತೇಲೇ ಬರ್ತಿತ್ತು."

"ಆ ಮುಖ ಯಾರ ಅಮ್ಮನ್ನ ತೊಳೆದು ಸುಸ್ತಾಗಿತ್ತು?"

ಇವನು ಬೇರೆ ಹೆಂಗಸಿನ ಸಂಗ ಮಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು ಎಂದು ಸ್ಲಾವ್ಕಾ ನನಗೆ ಹೇಳಿದಳು. ಆಗ ಬೈಯಬಹುದಿತ್ತು, ಅಳಬಹುದಿತ್ತು, ಜನರೂ ಅಯ್ಯೋ ಎನ್ನುತ್ತಿದ್ದರು. ಜನರ ಆ ಅಯ್ಯೋವನ್ನೂ ಇವನು ಮೊದಲೇ ತಾನೊಬ್ಬನೇ ಬಾಚಿಕೊಂಡು ಮುಗಿಸಿದ್ದ.

ಮಾರನೆಯ ಬೆಳಗ್ಗೆ ವಿದ್ಯಾರ್ಥಿ ನಿಲಯದಿಂದ ಅವಳು ತನ್ನ ಚೀಲ ಎತ್ತಿಕೊಂಡು ಒಬ್ಬಳೇ ಹೊರಟಳು. ಇನ್ನೂ ಒಂದು ಕಡೆ ಹಾಸಿಗೆ ಕಾದಿರಿಸಿದ್ದಾಗಿತ್ತು, ಬಿಡುವುದೇಕೆ? ಲುದ್ವಿಕ್ ಹಿಂದೆ ಹಿಂದೆ ನಿಲ್ದಾಣದವರೆಗೆ ಬಂದ. ಬ್ರೆಡ್ಡಿನಲ್ಲಿ ಅವನ ಪಾಲು ಮುರಿದು ಕೈಗೆ ಕೊಟ್ಟು ಅವಳು ಬಸ್ಸು ಹತ್ತಿದಳು. ಅವನು ಸಂಜೆಯ ರೈಲಿಗೆ ಯೆಸೆನಿತ್ಸೆಗೆ ಬಂದ. ಮೆಟ್ಟಿಲ ಮೇಲೆ ನನಗೆ ಎದುರಾದ. ಸ್ಲಾವ್ಕಾ ಎಲ್ಲಿ ಎಂದು ಕೇಳಿದ್ದಕ್ಕೆ, ಮುಂದಕ್ಕೆ ಹೋದಳು ಅಂದು ಬಾಗಿಲು ಹಾಕಿಕೊಂಡ.

ಅವಳು ಪೂರ್ವದ ಬಯಲಿಗೆ ಹೋದಳು. ಸನ್ಯಾಸಿನಿಯರ ಮಠದಲ್ಲಿ ತಂಗಿದಳು. ಹಳ್ಳಿಯ ಎಣ್ಣೆ ಗಾಣವನ್ನು ಹುಡುಕಿಕೊಂಡು ಹೋಗಿ ಗೇಟಿನ ಹೊರಗೆ ನಿಂತಳಂತೆ. ಒಳಗೆ ಹುರಿದ ಕುಂಬಳಬೀಜದ ವಾಸನೆ, ಯಾರೋ ನಗುವ ಸದ್ದು. ಒಳಗೆ ಹೋಗಲಿಲ್ಲ. "ಅಲ್ಲಿ ನಾನು ಸತ್ತಿದ್ದೀನೋ ಇನ್ನೂ ನರಳ್ತಾ ಇದ್ದೀನೋ, ಯಾರಿಗೆ ಗೊತ್ತು," ಅಂದಳು. ಬಸ್ಸಿಗೆ ತುಂಬಾ ಹೊತ್ತಿತ್ತು. ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದಳು. ಸುತ್ತಲೂ ಜೋಳದ ಹೊಲ. ಅದೊಂದನ್ನು ಮಾತ್ರ ಲುದ್ವಿಕ್ ಸರಿಯಾಗಿ ಹೇಳಿದ್ದ.

ಮಗಳು ಯೆರ್ನೆಯಾ ವಿಷಯ ಕೇಳಿ ಕಾರು ತಗೊಂಡು ಬಂದಳು. ಅಮ್ಮನನ್ನು ಆಸ್ಟ್ರಿಯಾಕ್ಕೆ ಕರೆದಳು. ಸ್ಲಾವ್ಕಾ ಒಪ್ಪಲಿಲ್ಲ. "ಈ ಮನೇಲಿ ನನ್ನ ಸೊಂಟ ಮುರಿದಿದೆ. ಹೋಗೋರು ಹೋಗ್ಲಿ, ನಾನ್ಯಾಕೆ ಹೋಗ್ಲಿ?" ಅಂದಳು. ಯಾರೂ ಹೋಗಲಿಲ್ಲ. ಅವಳು ಹಾಸಿಗೆಯನ್ನು ಅತ್ತೆ ಮಲಗುತ್ತಿದ್ದ ಚಿಕ್ಕ ಕೋಣೆಗೆ ಹಾಕಿಕೊಂಡಳು. ಅಡುಗೆ ಮಾಡುತ್ತಾಳೆ, ಅವನ ಪಾಲು ಒಲೆಯ ಮೇಲೆ ಬಿಟ್ಟು ತಾನು ಮೊದಲೇ ತಿಂದುಬಿಡುತ್ತಾಳೆ. ಜಗಳವಿಲ್ಲ. ಗೋಡೆಯಾಚೆಯ ನಮಗೆ ಮೊದಲಾದರೂ ಒಂದೆರಡು ಮಾತು ಕೇಳಿಸುತ್ತಿತ್ತು, ಈಗ ನಲ್ಲಿಯ ಸದ್ದು ಮಾತ್ರ.

ನಮ್ಮ ಊರಿನ ಪಿಂಚಣಿದಾರರ ಸಂಘದವರಿಗೆ ಅವಳ ಅಗ್ಗದ ಪ್ರವಾಸದ ಸುದ್ದಿ ಗೊತ್ತಾಗಿ, ನಮಗೂ ಹೊಂದಿಸಿಕೊಡು ಎಂದು ಬಂದರು. ಹೊಂದಿಸಿಕೊಟ್ಟಳು. ಯಾವ ಹಳ್ಳಿಯಲ್ಲಿ ಯಾವ ಮಠ, ಎಲ್ಲಿ ಸೂಪು ಚೆನ್ನಾಗಿದೆ, ಯಾವ ಬಸ್ಸು ತಪ್ಪಿದರೆ ಮುಂದಿನದು ಯಾವುದು, ಎಲ್ಲ ಹೇಳಿದಳು. ಕಡಲ ತೀರ ಮಾತ್ರ ಬಿಟ್ಟಿದ್ದಳು. ಒಬ್ಬ ಮುದುಕ ಅದನ್ನು ಕೇಳಿದ್ದಕ್ಕೆ, ಅಲ್ಲಿ ದುಬಾರಿ ಅಂದಳು.

ಈ ವಸಂತದಲ್ಲಿ ಅವಳು ದಕ್ಷಿಣದ ಕಾಡುಗಳ ಕಡೆ ಒಬ್ಬಳೇ ಹೊರಟಳು. ಆ ಊರುಗಳಿಗೆ ಲುದ್ವಿಕನ ಬಸ್ಸು ಎಂದೂ ಹೋಗಿರಲಿಲ್ಲವಂತೆ. ಹಿಂದಿನ ದಿನ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, ತಾನೂ ಬರಲೇ ಎಂದು ಕೇಳಿದನಂತೆ. ನಿನ್ನ ಕಾರ್ಡು ನಿನ್ನ ಹತ್ತಿರ ಇದೆಯಲ್ಲ, ಬಸ್ಸು ಎಲ್ಲರದು, ಎಂದಳಂತೆ ಇವಳು. ಬೆಳಗ್ಗೆ ನಾನು ಕಿಟಕಿಯಿಂದ ನೋಡಿದೆ. ಕೆಳಗಿನ ನಿಲ್ದಾಣದಲ್ಲಿ ಇಬ್ಬರೂ ದೂರ ದೂರ ನಿಂತಿದ್ದರು. ಬಸ್ಸು ಬಂತು. ಅವಳು ಮುಂದಿನ ಸಾಲಿನಲ್ಲಿ ಕೂತಳು, ಅವನು ಒಂದು ಕ್ಷಣ ಅವಳ ಪಕ್ಕದಲ್ಲಿ ನಿಂತು, ಆಮೇಲೆ ಹಿಂದಕ್ಕೆ ಹೋದ.

ಹತ್ತು ಗಂಟೆಯೊಳಗೆ ಅವನು ವಾಪಸು ಬಂದಿದ್ದ. ನಾನು ಮೆಟ್ಟಿಲು ಗುಡಿಸುತ್ತಿದ್ದೆ. ಯಾಕೆ ಲುದ್ವಿಕ್ ಎಂದು ಕೇಳಿದೆ.

"ತಿರುಗಿ ನೋಡಲೇ ಇಲ್ಲ ಅವಳು," ಅಂದ. "ಎರಡನೇ ಸ್ಟಾಪಿನಲ್ಲಿ ಇಳಿದುಬಿಟ್ಟೆ."

ನಾನು ಪೊರಕೆ ಪಕ್ಕಕ್ಕೆ ಹಿಡಿದು ಅವನಿಗೆ ದಾರಿ ಬಿಟ್ಟೆ.